ಅಮ್ಮನ ಎಡೆ ಮತ್ತು ಬೇವೂರಿನ ಖಾರ

ನನಗೊಂದು ಕೆಟ್ಟ ಚಾಳಿ ಇದೆ. ಯಾರಿಗೇ ಬಡಿಸುವುದಿದ್ದರೂ ಮೊದಲು ಸೌಟಿನಿಂದ ಎರಡು ಹನಿ ಅಂಗೈಗೆ ಹಾಕಿಕೊಂಡು, ಉಣ್ಣುವವರ ಕಣ್ಣಿಗೆ ಕಾಣುವ ಹಾಗೆ ನೆಕ್ಕುತ್ತೇನೆ. ಉಪ್ಪು ಸರಿಯಾಗಿದೆಯೇ ಎಂದು ನೋಡುವುದಕ್ಕಲ್ಲ. ಉಪ್ಪು ಸರಿಯಾಗಿರುತ್ತದೆ ಎಂದು ಇಷ್ಟು ವರ್ಷ ಒಲೆಯ ಮುಂದೆ ನಿಂತ ನನಗೆ ಗೊತ್ತು. ಮೊನ್ನೆ ಮೊಮ್ಮಗಳ ಗೆಳತಿ ಊಟಕ್ಕೆ ಬಂದಾಗಲೂ ಹಾಗೇ ಮಾಡಿದೆ. ಆ ಹುಡುಗಿ ಪಾಪ, ತಾಟಿನಿಂದ ಮೆಲ್ಲಗೆ ಕೈ ಹಿಂದಕ್ಕೆ ತೆಗೆದುಕೊಂಡಳು. ಮೊಮ್ಮಗಳು ನನ್ನನ್ನು ಅಡುಗೆಮನೆಗೆ ಕರೆದು, "ಅಜ್ಜೀ, ಮಂದಿ ಮುಂದ ಹಂಗ ನೆಕ್ಕಬ್ಯಾಡ" ಎಂದಳು.

"ನೆಕ್ಕದಿದ್ರ ಮಂದಿ ಉಣ್ಣತಿದ್ದಿಲ್ಲವಾ ಒಂದು ಕಾಲಕ್ಕ" ಎಂದೆ ನಾನು.

ಇದಕ್ಕೆಲ್ಲ ಕಾರಣ ಒಂದು ಸಿನಿಮಾ. ಅದರ ಹೆಸರು 'ಅಮ್ಮನ ಎಡೆ'. ನೀವು ಕೇಳಿರಲಿಕ್ಕಿಲ್ಲ. ಯಾರೂ ಕೇಳಿಲ್ಲ. ಹಳೆಯ ಸಿನಿಮಾಗಳನ್ನು ಅರೆದು ಕುಡಿದವರನ್ನು ಮದುವೆ ಮನೆಗಳಲ್ಲಿ ಹಿಡಿದು ವಿಚಾರಿಸಿದ್ದೇನೆ. ಅವರು ತಲೆ ಕೆರೆದುಕೊಂಡು ಮಜ್ಜಿಗೆ ಬಡಿಸುವವನನ್ನು ಕರೆದು ಪಾರಾಗಿದ್ದಾರೆ. ನನ್ನ ಮಗ ಫೋನಿನಲ್ಲಿ ಹುಡುಕಿ, "ಅಂಥಾ ಪಿಚ್ಚರ್ ಇಲ್ಲಬೇ ಅವ್ವಾ, ನಿನಗ ಕನಸು ಬಿದ್ದಿರಬೇಕು" ಎಂದುಬಿಟ್ಟ. ಕನಸಾಗಿದ್ದರೆ ನನಗೊಬ್ಬಳಿಗೆ ಬೀಳಬೇಕಿತ್ತು. ಕೊಪ್ಪಳದ ನಮ್ಮ ಓಣಿಯ ಅಷ್ಟೂ ಹೆಂಗಸರಿಗೆ ಒಂದೇ ಮಧ್ಯಾಹ್ನ, ಒಂದೇ ಟಾಕೀಜಿನಲ್ಲಿ ಕನಸು ಬೀಳುತ್ತದೆಯೇ?

ಎಪ್ಪತ್ತರ ದಶಕದ ನಡುವಿನ ಮಾತು. ನಾನು ಬೇವೂರಿನಿಂದ ಕೊಪ್ಪಳಕ್ಕೆ ಸೊಸೆಯಾಗಿ ಬಂದು ಒಂದು ವರ್ಷವೂ ಆಗಿರಲಿಲ್ಲ. ಮನೆಯಲ್ಲಿ ಇದ್ದದ್ದು ಮೂರೇ ಜನ: ನಾನು, ನೀರಾವರಿ ಕಚೇರಿಯಲ್ಲಿ ಗುಮಾಸ್ತರಾಗಿದ್ದ ನಮ್ಮವರು, ಅವರ ತಾಯಿ ನೀಲಮ್ಮ. ಮಾವನವರು ನಾನು ಬರುವ ಮೊದಲೇ ತೀರಿಕೊಂಡಿದ್ದರು. ನಮ್ಮತ್ತೆ ಕುಳ್ಳಗೆ, ತೆಳ್ಳಗೆ ಇದ್ದರು. ಆದರೆ ಅವರು ಪಡಸಾಲೆಯಲ್ಲಿ ಕೂತರೆ ಪಡಸಾಲೆ ತುಂಬಿದ ಹಾಗೆ ಆಗುತ್ತಿತ್ತು.

ಅತ್ತೆಗೆ ಎರಡು ಅಭಿಮಾನ. ಒಂದು ಮಗ, ಇನ್ನೊಂದು ಮಸಾಲೆ ಖಾರ. ಬೇಸಿಗೆಯಲ್ಲಿ ತಾವೇ ಮೆಣಸಿನಕಾಯಿ ಒಣಗಿಸಿ ಕುಟ್ಟಿ ಭರಣಿಗೆ ತುಂಬಿ, ಬಾಯಿಗೆ ಬಟ್ಟೆ ಕಟ್ಟಿ ಇಡುತ್ತಿದ್ದರು. "ನನ್ನ ಖಾರ ಅಂದ್ರ ಖಾರ" ಎನ್ನುತ್ತಿದ್ದರು. ಸತ್ಯ ಹೇಳಬೇಕೆಂದರೆ ಆ ಖಾರಕ್ಕೆ ಬಣ್ಣ ಇತ್ತು, ಬೇರೆ ಏನೂ ಇರಲಿಲ್ಲ. ಬದನೆಕಾಯಿಗೆ ಹಾಕಿದರೆ ಬದನೆಕಾಯಿ ಕೆಂಪಾಗುತ್ತಿತ್ತು, ಅಷ್ಟೇ. ಹೊಸ ಸೊಸೆ ಇದನ್ನು ಬಾಯಿಬಿಟ್ಟು ಹೇಳುವುದುಂಟೇ? ನಮ್ಮವ್ವ ತಾನು ಕುಟ್ಟಿದ ಖಾರವನ್ನು ಒಂದು ತಗಡಿನ ಡಬ್ಬಿಯಲ್ಲಿ ತುಂಬಿ ನನ್ನ ಸೀರೆಗಳ ನಡುವೆ ಇಟ್ಟು ಕಳಿಸಿದ್ದಳು. ಬೆಳಿಗ್ಗೆ ಅದರಲ್ಲಿ ಒಂದು ಚಮಚೆಯಷ್ಟು ಪೊಟ್ಟಣ ಕಟ್ಟಿ ಸೆರಗಿನ ತುದಿಗೆ ಗಂಟು ಹಾಕಿಕೊಳ್ಳುತ್ತಿದ್ದೆ. ಅತ್ತೆಯ ಕಣ್ಣೆದುರು ಅತ್ತೆಯ ಖಾರ ಹಾಕುತ್ತಿದ್ದೆ. ಅವರು ಆಚೆ ಹೋದ ಕೂಡಲೇ ನಮ್ಮವ್ವನ ಖಾರ.

ಅತ್ತೆ ಉಂಡು ಕೈ ತೊಳೆಯುತ್ತ, "ನೋಡಿದೇನು? ಈ ವರ್ಷ ನನ್ನ ಖಾರ ಹೆಂಗ ಕುಂತೈತಿ!" ಎಂದು ಮಗನಿಗೆ ಹೇಳುತ್ತಿದ್ದರು. ನಾನು ತಲೆ ಬಾಗಿಸಿ ನಗು ನುಂಗುತ್ತಿದ್ದೆ. ಆ ನಗುವಿನ ಪಾಪಕ್ಕೇ ಮುಂದಿನದ್ದೆಲ್ಲ ಆಯಿತು ಎಂದು ಈಗ ಅನ್ನಿಸುತ್ತದೆ.

ಒಂದು ಶುಕ್ರವಾರ ಓಣಿಗೆ ಟಾಕೀಜಿನ ಟಾಂಗಾ ಬಂತು. ಎರಡೂ ಬದಿಗೆ ಬೋರ್ಡು, ಒಳಗೆ ಮೈಕು ಹಿಡಿದವನು. "ಅಮ್ಮನ ಎಡೆ! ಅಮ್ಮನ ಎಡೆ! ಕುಟುಂಬ ಸಮೇತರಾಗಿ ಬನ್ನಿ!" ಬೋರ್ಡಿನ ಮೇಲೆ ಬಾಳೆ ಎಲೆಯ ತುಂಬ ಬಡಿಸಿದ ಊಟ, ಅದರ ಹಿಂದೆ ದೊಡ್ಡ ಕುಂಕುಮ ಇಟ್ಟ ಮುದುಕಿಯ ಮುಖ. ಪಕ್ಕದ ಮನೆಯ ಸರೋಜಕ್ಕ ಕಟ್ಟೆಗೆ ಬಂದು ನಿಂತು, "ದೇವಿ ಪಿಚ್ಚರ್ ಐತ್ರಿ ನೀಲಮ್ಮತ್ತಿ. ಎಡಿ ಹಿಡಿದಾರ ನೋಡ್ರಿ, ಎಡಿ" ಎಂದಳು. ಸರೋಜಕ್ಕನಿಗೆ ಓದಲು ಬರುತ್ತಿತ್ತು. ಹಾಗಾಗಿ ಓಣಿಯಲ್ಲಿ ಅವಳ ಮಾತಿಗೆ ಅಪೀಲು ಇರಲಿಲ್ಲ.

ದೇವರ ಸಿನಿಮಾ ಬಿಟ್ಟು ಬೇರೆ ಯಾವುದನ್ನೂ ನೋಡದ ನಮ್ಮತ್ತೆ ತಲೆಗೆ ಎರೆದುಕೊಂಡು, ಒಪ್ಪೊತ್ತು ಉಪವಾಸ ಇದ್ದು, ಕಾಯಿ, ಊದಿನಕಡ್ಡಿ, ಹೂವು ಬುಟ್ಟಿಯಲ್ಲಿ ಇಟ್ಟುಕೊಂಡು ಮ್ಯಾಟಿನಿಗೆ ಹೊರಟರು. ಓಣಿಯೇ ಹಿಂದೆ ಹೊರಟಿತು. ಟಾಕೀಜಿನ ಬಾಗಿಲಲ್ಲಿ ಎಲ್ಲರೂ ಚಪ್ಪಲಿ ಬಿಟ್ಟರು. ಗೇಟಿನವನು, "ಯವ್ವಾರ, ಚಪ್ಪಲಿ ಹಾಕ್ಕೊಂಡ ಹೋಗ್ರಿ, ಒಳಗ ಉಗುಳ್ಯಾರ" ಎಂದ. ಅತ್ತೆ ಅವನನ್ನು ನೋಡಿದ ನೋಟಕ್ಕೆ ಅವನು ಟಿಕೆಟು ಹರಿಯುವುದನ್ನೇ ಮರೆತ.

ಪರದೆಯ ಮೇಲೆ ದೇವಿ ಬರಲಿಲ್ಲ. ಒಂದು ದೊಡ್ಡ ಬಂಗಲೆ ಬಂತು. ಒಳಗೆ ಇಷ್ಟುದ್ದದ ಮೇಜು. ಅದರ ಒಂದು ತುದಿಗೆ ಬೋರ್ಡಿನ ಮೇಲಿದ್ದ ಮುದುಕಿ. ಸುತ್ತ ಅವಳ ಮಗ, ಸೊಸೆ, ಮೆಳ್ಳಗಣ್ಣಿನ ಅಡುಗೆಯವನು. ಅವರೆಲ್ಲ ಪುಸ್ತಕದ ಮಾತು ಆಡುತ್ತಿದ್ದರು. ಸರೋಜಕ್ಕ ಅದನ್ನು ನಮ್ಮ ಮಾತಿಗೆ ತಂದು ಹೇಳುತ್ತಿದ್ದಳು.

"ಮೇಜಿನ ಮ್ಯಾಲೆ ಉಣ್ಣಾಕ ಕುಂತಾರಲ್ಲ, ಇವರಿಗೆ ನೆಲ ಇಲ್ಲೇನು?" ಎಂದರು ಅತ್ತೆ.

"ತಡೀರಿ, ದೇವಿ ಇನ್ನೊಂದು ಸ್ವಲ್ಪ ಹೊತ್ತಿಗೆ ಬರ್ತಾಳ" ಎಂದಳು ಸರೋಜಕ್ಕ. ಮಧ್ಯಂತರದ ತನಕವೂ ಅವಳು ಆ ಭರವಸೆ ಬಿಡಲಿಲ್ಲ. ಅತ್ತೆಯ ಕೈಯಲ್ಲಿ ಊದಿನಕಡ್ಡಿ ತಯಾರಾಗಿಯೇ ಇತ್ತು.

ಬಂದದ್ದು ಬೇರೆ. ಆ ಮುದುಕಿಗೆ ದಿನಾ ಊಟದ ಹೊತ್ತಿಗೆ ಏನೋ ಆಗುತ್ತಿತ್ತು. ಎರಡು ತುತ್ತು ಉಣ್ಣುವುದರೊಳಗೆ ಬಟ್ಟಲು ತಾನಾಗಿ ಸರಿದ ಹಾಗೆ, ಸತ್ತ ಗಂಡನ ಖಾಲಿ ಕುರ್ಚಿ ಹಿಂದಕ್ಕೆ ಎಳೆದ ಹಾಗೆ ಕಾಣುತ್ತಿತ್ತು. ನಾಲಿಗೆಗೆ ರುಚಿ ತಿಳಿಯದಾಯಿತು. ತನಗೆ ಹುಚ್ಚು ಹಿಡಿಯುತ್ತಿದೆಯೋ, ಅನ್ನದಲ್ಲಿ ಯಾರಾದರೂ ಏನಾದರೂ ಬೆರೆಸುತ್ತಿದ್ದಾರೋ ತನಗೇ ತಿಳಿಯದು ಎನ್ನುತ್ತಿದ್ದಳು. ನಮಗೂ ತಿಳಿಯದು. ಹೆಂಗಸರ ಕಡೆ ಒಂದು ಕೆಮ್ಮು ಕೂಡ ಕೇಳಿಸುತ್ತಿರಲಿಲ್ಲ. ನಮ್ಮತ್ತೆ ಬುಟ್ಟಿಯೊಳಗಿನ ಕಾಯಿಯನ್ನು ಎರಡೂ ಕೈಯಲ್ಲಿ ಅವುಚಿ ಹಿಡಿದಿದ್ದರು.

ಕೊನೆಗೆ ಬಂತು ಆ ದೃಶ್ಯ. ಸೊಸೆ ಒಬ್ಬಳೇ ಅಡುಗೆಮನೆಗೆ ಬಂದಳು. ಆಚೆ ಈಚೆ ನೋಡಿದಳು. ಅತ್ತೆಯ ಬಟ್ಟಲಿನ ಮೇಲೆ ಬಾಗಿ, ಸೆರಗಿನ ಗಂಟು ಬಿಚ್ಚಿ ಒಂದು ಪೊಟ್ಟಣ ತೆಗೆದಳು.

ನನ್ನ ಕೈ ತಾನಾಗಿ ನನ್ನ ಸೆರಗಿನ ಗಂಟಿನ ಮೇಲೆ ಹೋಯಿತು. ಅದೇ ಹೊತ್ತಿಗೆ ಕರೆಂಟು ಹೋಯಿತು.

ಬಹಳ ಹೊತ್ತು ಕಾದೆವು. ಆಮೇಲೆ ಗೇಟಿನವನು ಬಾಗಿಲು ತೆರೆದು, ಇವತ್ತು ಕರೆಂಟು ಬರುವುದಿಲ್ಲವೆಂದೂ ನಾಳೆ ಇದೇ ಟಿಕೆಟಿನ ಮೇಲೆ ಬಿಡುತ್ತೇವೆಂದೂ ಹೇಳಿದ. ಮರುದಿನ ಹೋದರೆ 'ಅಮ್ಮನ ಎಡೆ' ತೆಗೆದುಹಾಕಿ ಬೇರೊಂದು ಸಿನಿಮಾದ ಪೋಸ್ಟರಿಗೆ ಅಂಟು ಹಚ್ಚುತ್ತಿದ್ದರು. ದೇವಿ ಸಿನಿಮಾ ಎಂದು ಬಂದವರೆಲ್ಲ ಬೈದು ಹೋಗಿದ್ದರಂತೆ. ರೀಲಿನ ಡಬ್ಬಿ ಬೇರೆ ಊರಿಗೆ ಹೋಗಿತ್ತು. ಹೀಗಾಗಿ ಆ ಮುದುಕಿಗೆ ಏನಾಯಿತು, ಯಾರು ಏನು ಹಾಕುತ್ತಿದ್ದರು ಎಂಬುದು ಯಾರಿಗೂ ಗೊತ್ತಾಗಲಿಲ್ಲ.

ನಮ್ಮತ್ತೆಗೆ ಮಾತ್ರ ಗೊತ್ತಾಗಿತ್ತು. "ಸೊಸಿನ ಹಾಕ್ಯಾಳ. ಇನ್ಯಾರು ಹಾಕ್ತಾರ?"

ಅವತ್ತು ಸಂಜೆಯಿಂದ ಮನೆಯ ಹವೆ ಬದಲಾಯಿತು. ಅತ್ತೆ ನನ್ನ ಕೈಯ ಅಡುಗೆ ಮುಟ್ಟಲಿಲ್ಲ. "ಹೊಟ್ಟಿ ಸರಿ ಇಲ್ಲ" ಎಂದು ಬಾಳೆಹಣ್ಣು ತಿಂದರು. ಮರುದಿನವೂ ಬಾಳೆಹಣ್ಣು. ಸರೋಜಕ್ಕನ ಹತ್ತಿರ ಅವರು ಹೇಳಿದ್ದು ಗೋಡೆ ದಾಟಿ ನನಗೆ ಕೇಳಿಸಿತು: "ಸಿಪ್ಪಿ ಇರೂದು ಛಲೋ ನೋಡವಾ. ಒಳಗ ಯಾರೂ ಏನೂ ಹಾಕಾಕ ಬರಂಗಿಲ್ಲ."

ಎಷ್ಟು ದಿನ ಬಾಳೆಹಣ್ಣು ತಿಂದಾರು? ಮೂರನೆಯ ದಿನ ತಾಟಿನ ಮುಂದೆ ಕೂತರು. ಸಾರು ಬಡಿಸಲು ಹೋದೆ.

"ಉಪ್ಪು ನೋಡೀಯೇನು?"

"ನೋಡೀನ್ರಿ ಅತ್ತಿ."

"ನನ್ನ ಮುಂದ ನೋಡು."

ಅಂಗೈಗೆ ಹಾಕಿಕೊಂಡು ನೆಕ್ಕಿದೆ. ಅತ್ತೆ ಬೆರಳ ಗೆಣ್ಣು ಎಣಿಸುತ್ತ ನನ್ನ ಕಣ್ಣನ್ನೇ ನೋಡುತ್ತ ಕೂತರು. ನಾನು ಬೀಳಲಿಲ್ಲ. ಆಮೇಲೆ ಅವರು ತುತ್ತು ಎತ್ತಿದರು. ಮರುದಿನದಿಂದ ಇದು ಪದ್ಧತಿಯಾಯಿತು. ರೊಟ್ಟಿಯ ಒಂದು ಮೂಲೆ ಮುರಿದು ನಾನು ಮೊದಲು ತಿನ್ನಬೇಕು. ಪಲ್ಯದಲ್ಲಿ ಒಂದು ತುಂಡು, ಮೊಸರಿನಲ್ಲಿ ಒಂದು ಬೆರಳು. ನನಗೆ ಕಣ್ಣಲ್ಲಿ ನೀರು ಬರುತ್ತಿತ್ತು. ಆದರೆ ನೀವು ನಂಬಬೇಕು, ಆ ಹದಿನೈದು ದಿನಗಳಲ್ಲಿ ನನ್ನ ರವಿಕೆಗಳು ಬಿಗಿಯಾದವು. ದುಃಖದಲ್ಲಿ ದಪ್ಪಗಾದ ಸೊಸೆ ಕೊಪ್ಪಳದಲ್ಲಿ ನಾನೊಬ್ಬಳೇ ಇರಬೇಕು.

ಗಂಡನಿಗೆ ಹೇಳಿಕೊಂಡೆ. ನಮ್ಮವರು ಕಚೇರಿಯಲ್ಲಿ ಯಾವ ಕಾಗದ ಬಂದರೂ 'ಪರಿಶೀಲಿಸುವುದು' ಎಂದು ಬರೆದು ಮುಂದಕ್ಕೆ ತಳ್ಳುವವರು. "ನೋಡೋಣಂತ" ಎಂದರು.

ಇಷ್ಟೂ ದಿನ ಅತ್ತೆ ಅಡುಗೆಮನೆಯ ಹೊಸ್ತಿಲು ಬಿಟ್ಟು ಕದಲದೇ ಇದ್ದುದರಿಂದ ನಮ್ಮವ್ವನ ಖಾರ ಹಾಕಲು ನನಗೆ ಆಗಿರಲಿಲ್ಲ. ಅಡುಗೆಯಲ್ಲಿ ಅತ್ತೆಯ ಖಾರ ಮಾತ್ರ. ಅದರ ಫಲ ಏನಾಯಿತು ಕೇಳಿ. ಒಂದು ದಿನ ಅತ್ತೆ ತುತ್ತು ಬಾಯಲ್ಲಿ ಇಟ್ಟುಕೊಂಡವರು ಅಗಿಯುವುದನ್ನೇ ನಿಲ್ಲಿಸಿಬಿಟ್ಟರು.

"ಈರಣ್ಣಾ," ಎಂದರು ಮಗನಿಗೆ. "ಇತ್ತಿತ್ಲಾಗ ನನಗ ರುಚಿನ ತಿಳೀವಲ್ತು. ಆ ಪಿಚ್ಚರಿನ ಮುದಿಕಿಗೂ ಹಿಂಗ ಆಗಿತ್ತು."

ಅವರ ಮುಖ ನೋಡಿ ನನಗೆ ಮೊದಲ ಸಲ ಮರುಕ ಬಂತು. ಅವರು ನಿಜವಾಗಿ ಹೆದರಿದ್ದರು. ರುಚಿ ಹೋದದ್ದು ಅವರ ನಾಲಿಗೆಯಿಂದಲ್ಲ, ಬದನೆಕಾಯಿಯಿಂದ ಎಂದು ಹೇಗೆ ಹೇಳಲಿ? ಇವರಿಗೆ ರುಚಿ ತಿರುಗಿ ಬಂದರೆ ಹೆದರಿಕೆ ಹೋದೀತು ಎಂದು ಲೆಕ್ಕ ಹಾಕಿದೆ. ಮರುದಿನ ಮಧ್ಯಾಹ್ನ ಅತ್ತೆ ಹಿತ್ತಲಿಗೆ ಹೋದದ್ದೇ ತಡ, ಒಲೆಯ ಮುಂದೆ ಬಾಗಿ, ಸೆರಗಿನ ಗಂಟು ಬಿಚ್ಚಿ ಪೊಟ್ಟಣ ತೆಗೆದೆ.

"ಸಿಕ್ಕಿದಿ!"

ತಿರುಗಿದರೆ ಬಾಗಿಲಲ್ಲಿ ಅತ್ತೆ. ಹಿತ್ತಲಿಗೆ ಹೋದ ಹಾಗೆ ಮಾಡಿ ಕದದ ಹಿಂದೆ ನಿಂತಿದ್ದರು.

ಅವರ ಕೂಗಿಗೆ ಸರೋಜಕ್ಕ ಓಡಿ ಬಂದಳು. ಊಟಕ್ಕೆಂದು ಕಚೇರಿಯಿಂದ ಬರುತ್ತಿದ್ದ ನಮ್ಮವರು ಸೈಕಲ್ಲನ್ನು ಗೋಡೆಗೆ ಆನಿಸುವುದೂ ಬಿಟ್ಟು ಒಳಗೆ ಬಂದರು. ಸೈಕಲ್ಲು ಬಿದ್ದ ಸಪ್ಪಳ ಈಗಲೂ ಕಿವಿಯಲ್ಲಿದೆ.

"ನೋಡಪಾ ನಿನ್ನ ಹೇಣ್ತಿ ಕಾರಬಾರ! ಅದ ಗಂಟು, ಅದ ಪೊಟ್ಟಣ! ಪಿಚ್ಚರಿನ್ಯಾಗ ಕಲಿತಾಳ!"

"ಏನದು?" ಎಂದರು ನಮ್ಮವರು. ವಿಷವೆಂದರೆ ಸುಳ್ಳಾಗುತ್ತಿತ್ತು. ಖಾರವೆಂದರೆ, ಅತ್ತೆಯ ಖಾರ ಸಾಲದೆಂದು ಓಣಿಯ ಮುಂದೆ ಹೇಳಿದ ಹಾಗೆ ಆಗುತ್ತಿತ್ತು. ಯಾವುದು ದೊಡ್ಡ ಅಪರಾಧ ಎಂದು ಯೋಚಿಸುತ್ತ ನಿಂತೆ.

"ಹೇಳಂಗಿಲ್ಲ ಆಕಿ. ನೀನ ನೆಕ್ಕಿ ನೋಡು" ಎಂದರು ಅತ್ತೆ ಮಗನಿಗೆ.

"ನಾನ್ಯಾಕಬೇ ಯವ್ವಾ?" ನಮ್ಮವರು ಒಂದು ಹೆಜ್ಜೆ ಹಿಂದೆ ಸರಿದರು. ಸರೋಜಕ್ಕ ಎರಡು ಹೆಜ್ಜೆ ಸರಿದಳು.

ಅವರು ಆ ಒಂದು ಹೆಜ್ಜೆ ಸರಿದದ್ದನ್ನು ನಾನು ಇವತ್ತಿಗೂ ಮರೆತಿಲ್ಲ, ನೆನಪಿಸುವುದನ್ನೂ ಬಿಟ್ಟಿಲ್ಲ. ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಪೊಟ್ಟಣವನ್ನು ಇದ್ದಕ್ಕಿದ್ದ ಹಾಗೆ ಬಾಯಿಗೆ ಸುರುವಿಕೊಂಡೆ.

ಆಮೇಲಿನದ್ದು ನನಗೆ ಸರಿಯಾಗಿ ಗೊತ್ತಿಲ್ಲ. ಕಣ್ಣು ಮೂಗು ಒಂದಾದವು. ಬಿಕ್ಕಳಿಕೆ ಹತ್ತಿತು. "ಸತ್ತಳಲೇ!" ಎಂದು ಸರೋಜಕ್ಕ ಕಿರಚಿದಳು. ಬಾಯಿಗೆ ಯಾರೋ ಬೆಲ್ಲ ತುರುಕಿದರು, ತಲೆ ಹಿಡಿದು ಮಜ್ಜಿಗೆ ಕುಡಿಸಿದರು. ಕಣ್ಣು ಬಿಟ್ಟು ನೋಡಿದರೆ ಅದು ಅತ್ತೆ. ಅಳುತ್ತಿದ್ದರು. "ಯಾಕ ನುಂಗಿದೆ ನಮ್ಮವ್ವಾ, ಯಾಕ ನುಂಗಿದೆ" ಎನ್ನುತ್ತಿದ್ದರು.

"ಖಾರ್ರಿ ಅತ್ತಿ," ಎಂದೆ ಬಿಕ್ಕುತ್ತ. "ನಮ್ಮವ್ವ ಕುಟ್ಟಿದ ಖಾರ."

ಅತ್ತೆಯ ಕೈಯ ತಂಬಿಗೆ ಹಾಗೇ ನಿಂತಿತು. "ಎಂದಿನಿಂದ ಹಾಕಾಕ್ಹತ್ತೀದಿ?"

"ಬಂದಾಗಿನಿಂದ."

ಅವರು ಮನಸ್ಸಿನಲ್ಲಿ ಹಿಂದಕ್ಕೆ ಹೋಗಿ, ತಾವು ಬಾಯಿ ಚಪ್ಪರಿಸಿದ ಒಂದೊಂದು ಊಟವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತಿದ್ದುದು ನನಗೆ ಕಾಣುತ್ತಿತ್ತು. ಆಮೇಲೆ ತಂಬಿಗೆ ಕೆಳಗಿಟ್ಟು ಎದ್ದರು.

"ಇದಕ್ಕಿಂತ ವಿಷಾ ಹಾಕಿದ್ರ ಛಲೋ ಇತ್ತು" ಎಂದರು.

ನಮ್ಮವ್ವನ ಖಾರದ ಡಬ್ಬಿಯನ್ನು ತಮ್ಮ ಪೆಟ್ಟಿಗೆಯಲ್ಲಿಟ್ಟು ಕೀಲಿ ಹಾಕಿದರು. ನನ್ನ ಕೂಡ ಮಾತು ಬಿಟ್ಟರು. ಚಹದಲ್ಲಿ ಸಕ್ಕರೆ ಕಡಿಮೆಯಾದರೂ ಮಗನ ಮೂಲಕವೇ ನನಗೆ ಸುದ್ದಿ ಬರುತ್ತಿತ್ತು. ನಾಲ್ಕನೆಯ ದಿನ ಮಗನಿಗೆ ಹೇಳಿದರು: "ಡಬ್ಬಿನೂ ಆಕಿನೂ ಕೂಡೇ ಬೇವೂರಿಗೆ ಬಿಟ್ಟು ಬಾ." ನಮ್ಮವರು "ಸೋಮವಾರ ನೋಡೋಣಂತ" ಎಂದರು. ತವರಿಗೆ ಕಳಿಸಿದ ಸೊಸೆಯನ್ನು ತಿರುಗಿ ಕರೆಯುವ ಸೋಮವಾರ ಎಂದು ಬಂದೀತು, ಯಾರು ಬಲ್ಲರು? ಖಾರದ ಡಬ್ಬಿಯ ಸಲುವಾಗಿ ಬಂದಳು ಎಂದು ಬೇವೂರಿನಲ್ಲಿ ಹೇಗೆ ತಲೆ ಎತ್ತಲಿ?

ನನ್ನನ್ನು ಉಳಿಸಿದವಳು ಸರೋಜಕ್ಕ. ಅವಳ ತವರು ಕಾರಟಗಿ. ಅಲ್ಲಿಂದ ಬಂದ ಅವಳ ಅಣ್ಣ, 'ಅಮ್ಮನ ಎಡೆ' ಈಗ ಅವರ ಊರಲ್ಲಿ ನಡೆಯುತ್ತಿದೆ ಎಂಬ ಸುದ್ದಿ ತಂದ. ಸರೋಜಕ್ಕ ಅದನ್ನು ಕಟ್ಟೆಯ ಮೇಲೆ ಕೂತು ಗಟ್ಟಿಯಾಗಿ ಹೇಳಿದಳು. ಅತ್ತೆ ಅಕ್ಕಿ ಆರಿಸುತ್ತಿದ್ದವರು ಮೊರ ಕೆಳಗಿಟ್ಟರು.

"ಈರಣ್ಣಾ, ಆಕಿಗೆ ಹೇಳು. ನಾಳೆ ಕಾರಟಗಿಗೆ ಹೋಗೂದೈತಿ. ಆ ಸೊಸಿ ಹಾಕ್ಯಾಳ ಅಂತಾದ್ರ ಈಕಿ ಬೇವೂರಿಗೆ. ಹಾಕಿಲ್ಲಂದ್ರ ಇರ್ಲಿ."

ಹೀಗೆ ನನ್ನ ಸಂಸಾರ ಒಂದು ಸಿನಿಮಾದ ಕೊನೆಯ ರೀಲಿನ ಮೇಲೆ ನಿಂತಿತು. ಬೆಳಿಗ್ಗೆ ರೊಟ್ಟಿ ಬಡಿದು, ಅತ್ತೆಯ ಭರಣಿಯ ಖಾರ ಹಾಕಿ ಬದನೆಕಾಯಿ ಮಾಡಿ ಬುತ್ತಿ ಕಟ್ಟಿದೆ. ಅತ್ತೆ, ನಾನು ಇಬ್ಬರೇ ಹೊರಟೆವು. ಗಂಗಾವತಿಯಲ್ಲಿ ಬಸ್ಸು ಬದಲಿಸಿದೆವು. ಎರಡೂ ಬದಿಗೆ ಕಾಲುವೆ ನೀರಿನ ಭತ್ತದ ಗದ್ದೆಗಳು. ಒಣ ಬೇಸಾಯದ ಸೀಮೆಯ ನಾನು ಬೇರೆ ದಿನವಾಗಿದ್ದರೆ ಬಾಯಿ ತೆರೆದು ನೋಡುತ್ತಿದ್ದೆ. ಅವತ್ತು ನಾನು ನೋಡಿದ್ದು ಮುಂದಿನ ಸೀಟಿನ ಕಂಬಿಯನ್ನು ಮಾತ್ರ.

ತಗಡಿನ ಟಾಕೀಜು. ಸಂತೆಯ ದಿನವಾದ್ದರಿಂದ ಹಗಲು ಆಟ ಇತ್ತು. ಒಳಗೆ ನಾವು ಇಬ್ಬರು, ಮತ್ತೆ ನೆರಳಿಗೆಂದು ಬಂದು ಮಲಗಿದ ನಾಲ್ಕು ಜನ. ನಾನು ಮನಸ್ಸಿನಲ್ಲೇ ಹರಕೆ ಹೊತ್ತೆ. ಆ ಸೊಸೆ ಪೊಟ್ಟಣ ತೆಗೆದಾಗ ಅತ್ತೆ ನನ್ನ ಕಡೆ ತಿರುಗಿ ನೋಡಿದರು. ಈ ಸಲ ಕರೆಂಟು ಹೋಗಲಿಲ್ಲ.

ಪೊಟ್ಟಣದಲ್ಲಿ ಇದ್ದದ್ದು ಭಸ್ಮ. ತನ್ನ ಅತ್ತೆಗೆ ವಾಸಿಯಾಗಲೆಂದು ಆ ಸೊಸೆ ಯಾರೋ ಸ್ವಾಮಿಗಳ ಹತ್ತಿರದಿಂದ ತಂದದ್ದು. ಬೆರೆಸುತ್ತಿದ್ದವರು ಬೇರೆ. ಮಗ ಕಪಾಟಿನ ಹಿಂದೆ ಅಡಗಿ ಕೂತು ನೋಡುತ್ತಾನೆ: ಬರಿಗಾಲಲ್ಲಿ ಮೆಲ್ಲಗೆ ಬಂದು ಆ ಬಟ್ಟಲಿಗೆ ಭ್ರಮೆ ಹಿಡಿಸುವ ಪುಡಿ ಹಾಕುತ್ತಿರುವವಳು ಸ್ವತಃ ಆ ಮುದುಕಿ! "ಯಾಕಮ್ಮ?" ಎಂದು ಅವನು ಅಳುತ್ತಾನೆ. ತಾನು ಗಟ್ಟಿಯಾಗಿದ್ದಾಗ ಆ ಮೇಜಿಗೆ ಯಾರೂ ಬರುತ್ತಿರಲಿಲ್ಲ, ಹುಷಾರಿಲ್ಲದಾಗಿನಿಂದ ದಿನಾ ಎಲ್ಲರೂ ಕೂಡಿ ಕೂರುತ್ತಿದ್ದಾರೆ ಎನ್ನುತ್ತಾಳೆ ಅವಳು. ಅಲ್ಲಿಗೆ ಶುಭಂ.

ಹೊರಗೆ ಬಂದೆವು. ಬಸ್ಸಿಗೆ ಇನ್ನೂ ಹೊತ್ತಿತ್ತು. ಅತ್ತೆ ಒಂದು ಬೇವಿನ ಮರದ ಕೆಳಗೆ ಕೂತರು. ನಾನು ದೂರ ನಿಂತೆ.

"ಹುಚ್ಚ ಮುದಿಕಿ," ಎಂದರು. ನನ್ನ ಕೂಡ ಆಡಿದ್ದೋ ಮರದ ಕೂಡ ಆಡಿದ್ದೋ ತಿಳಿಯಲಿಲ್ಲ. "ಬರ್ರಿ, ಕುಂಡ್ರಿ, ಉಣ್ಣೂನು ಅಂದಿದ್ರ ಬರತಿದ್ದಿಲ್ಲೇನು?"

"ಸೊಸಿ ವಿಷಾ ಹಾಕಿಲ್ಲಲ್ರಿ ಅತ್ತಿ" ಎಂದೆ ಮೆಲ್ಲಗೆ.

"ಕದ್ದು ಹಾಕಿದ್ದು ಹಾಕಿದ್ದ! ಬೂದಿ ಆದ್ರೇನು, ಖಾರ ಆದ್ರೇನು?" ಎಂದು ಗದರಿದರು. ಆಮೇಲೆ, "ನಿಂತೀಯೇನು? ಬುತ್ತಿ ಬಿಚ್ಚು. ಕುಂಡ್ರು" ಎಂದರು.

ನಮ್ಮ ಮನೆಯಲ್ಲಿ ಅತ್ತೆ ಮತ್ತು ಮಗ ಮೊದಲು ಉಣ್ಣುತ್ತಿದ್ದರು, ನಾನು ಆಮೇಲೆ. ಅವತ್ತು ಒಂದೇ ಬಟ್ಟೆಯ ಮೇಲೆ ಎದುರುಬದುರು ಕೂತೆವು. ಅಭ್ಯಾಸದಂತೆ ರೊಟ್ಟಿಯ ಮೂಲೆ ಮುರಿದು ಬಾಯಿಗೆ ಇಟ್ಟುಕೊಳ್ಳಲು ಹೋದರೆ, ಅತ್ತೆ ನನ್ನ ಕೈ ಸರಿಸಿ ತಾವೇ ಮೊದಲು ತುತ್ತು ಎತ್ತಿದರು. ಅಗಿದರು. ಇನ್ನೊಮ್ಮೆ ಬದನೆಕಾಯಿ ಹಚ್ಚಿಕೊಂಡು ಅಗಿದರು. ಬಸ್‌ಸ್ಟ್ಯಾಂಡಿನ ಕಡೆ ನೋಡುತ್ತ, ಯಾರ ಮೇಲೋ ದೂರು ಹೇಳುವ ಹಾಗೆ, "ಸಪ್ಪಗ ಐತಲ್ಲ" ಎಂದರು.

ನಾನು ಅವರ ಮುಂದೆ ಇನ್ನೊಂದು ರೊಟ್ಟಿ ಇಟ್ಟೆ.

"ಅದಕ್ಕ ಏನ್ ಹಾಕ್ತಾಳ ನಿಮ್ಮವ್ವ?"

"ನನಗೂ ಹೇಳಿಲ್ರಿ. ಕುಟ್ಟೂಮುಂದ ಬಾಗಿಲಾ ಹಾಕ್ಕೊಂತಾಳ."

"ಹೌದಾ? ನೋಡೇಬಿಡ್ತೀನಿ" ಎಂದರು ಅತ್ತೆ.

ಸೋಮವಾರ ನಾನು ಬೇವೂರಿಗೆ ಹೋದದ್ದು ನಿಜ. ಆದರೆ ಅತ್ತೆಯೂ ಜತೆಗೆ ಬಂದರು. ಬೀಗತಿಯರಿಬ್ಬರೂ ಬಾಗಿಲು ಹಾಕಿಕೊಂಡು ಒರಳ ಮುಂದೆ ಕೂತರು. ಒಳಗಿನಿಂದ ಒನಕೆಯ ಸಪ್ಪಳ, ಸೀನು, ಜಗಳದಂಥ ಮಾತು, ನಗು ಎಲ್ಲ ಕೇಳುತ್ತಿತ್ತು. ನನ್ನನ್ನು ಒಳಗೆ ಬಿಡಲಿಲ್ಲ. ಸಂಜೆ ಇಬ್ಬರೂ ಕಣ್ಣು ಕೆಂಪಗೆ ಮಾಡಿಕೊಂಡು ಹೊರಗೆ ಬಂದರು. ಕೊಬ್ಬರಿಯನ್ನು ಕೆಂಡದ ಮೇಲೆ ಸುಟ್ಟು ಹಾಕುತ್ತಾರೆ ಎಂಬುದೊಂದೇ ನನಗೆ ವಾಸನೆಯಿಂದ ತಿಳಿದದ್ದು.

ಕೊಪ್ಪಳಕ್ಕೆ ತಿರುಗಿ ಬಂದ ಮರುದಿನ ಸರೋಜಕ್ಕ ವಿಚಾರಿಸಲು ಬಂದಳು. ಅತ್ತೆ ಹೊಸ ಖಾರವನ್ನು ಒಂದು ಚಿಟಿಕೆ ಅವಳ ಅಂಗೈಗೆ ಹಾಕಿದರು. ಸರೋಜಕ್ಕ ನೆಕ್ಕಿ ಕಣ್ಣರಳಿಸಿ, "ಯವ್ವಾ! ಇದು ಬೇವೂರಿಂದೇನ್ರಿ?" ಎಂದಳು.

"ಬೇವೂರಿನವರಿಗೆ ಏನ್ ಬರ್ತೈತಿ? ಹೋಗಿ ಎರಡು ದಿನ ಕುಂತು ಬೀಗತಿಗಿ ಕಲಿಸಿ ಬಂದೆ" ಎಂದರು ಅತ್ತೆ.

ನಾನು ಒಳಗೆ ರೊಟ್ಟಿ ಬಡಿಯುತ್ತಿದ್ದೆ. ಎಲ್ಲ ಕೇಳಿಸಿತು. ಸ್ವಲ್ಪ ಜೋರಾಗಿ ಬಡಿದೆ, ಅಷ್ಟೇ.